ಗಿಡವಾಗಿ ಬಗ್ಗುವುದೆಂದರೇನು? : ಬಲಕ್ಕೆ ಜೀವಕೋಶ ಕೊಡುವ ಉತ್ತರ

ನಾವು ಉಪಾಧ್ಯಾಯರು ಮಕ್ಕಳ ವಿಷಯದಲ್ಲಿ ಎರಡು ಗಾದೆಗಳನ್ನು ಧಾರಾಳವಾಗಿ ಬಳಸುತ್ತೇವೆ. ಹುಡುಗ ಎಷ್ಟು ಹೇಳಿದರೂ ತಿದ್ದಿಕೊಳ್ಳದಿದ್ದಾಗ "ಹುಟ್ಟುಗುಣ ಸುಟ್ಟರೂ ಹೋಗದು" ಎನ್ನುತ್ತೇವೆ. ಅದೇ ಹುಡುಗನ ತಂದೆ ಬಂದು ಮಗನ ಓದನ್ನು ವಿಚಾರಿಸಿದರೆ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಈಗಲೇ ಎಚ್ಚರ ವಹಿಸಿರಿ" ಎಂದು ಬುದ್ಧಿ ಹೇಳುತ್ತೇವೆ. ಹುಟ್ಟಿನಲ್ಲಿ ಬಂದದ್ದೇ ಕಡೆಯ ಮಾತೆಂಬುದು ಮೊದಲನೆಯ ಗಾದೆಯ ಅಭಿಪ್ರಾಯ. ಬೆಳೆಯುವಾಗ ಬಿದ್ದ ಬಲಕ್ಕೂ ಬೆಲೆಯುಂಟೆಂಬುದು ಎರಡನೆಯದರ ಅಭಿಪ್ರಾಯ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಮಕ್ಕಳ ಸ್ವಭಾವದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹೇಳುವ ಧೈರ್ಯ ಈ ಲೇಖಕನಿಗಿಲ್ಲ. ಆದರೆ ಗಿಡದ ಮಟ್ಟಿಗೆ, ಮೂಳೆಯ ಮಟ್ಟಿಗೆ, ಒಂದು ಜೀವಕೋಶದ ಮಟ್ಟಿಗೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ವಿಜ್ಞಾನವು ಬಹುಮಟ್ಟಿಗೆ ತೃಪ್ತಿಕರವಾದ ಉತ್ತರವನ್ನು ಕಂಡುಕೊಂಡಿದೆ. ಅದನ್ನು ಕನ್ನಡದಲ್ಲಿ ತಿಳಿಯಾಗಿ ಹೇಳುವುದಷ್ಟೇ ಇಲ್ಲಿಯ ಉದ್ದೇಶ.

ಬೆಟ್ಟದ ನೆತ್ತಿಯ ಮರ

ಕೋತಗಿರಿಯಿಂದ ಕೊಡನಾಡಿನ ಕಡೆಗೆ ಹೋದವರು ಬೆಟ್ಟದ ತುದಿಯಲ್ಲಿ ನಿಂತು ಸುತ್ತಲಿನ ಮರಗಳನ್ನು ಗಮನಿಸಬೇಕು. ಕಣಿವೆಯ ಮಡಿಲಿನಲ್ಲಿ, ಗಾಳಿ ತಾಗದ ಶೋಲೆಯ ಕಾಡಿನಲ್ಲಿ ಮರಗಳು ನೀಳವಾಗಿ ಮೇಲಕ್ಕೆದ್ದಿರುತ್ತವೆ. ಅದೇ ಜಾತಿಯ ಮರ ಗಾಳಿಗೆ ಮೈಯೊಡ್ಡಿದ ನೆತ್ತಿಯ ಮೇಲೆ ಬೆಳೆದಿದ್ದರೆ ಗಿಡ್ಡ, ಬುಡ ದಪ್ಪ, ರೆಂಬೆಗಳೆಲ್ಲ ಗಾಳಿ ಹೋಗುವ ದಿಕ್ಕಿಗೆ ಬಾಚಿದ ತಲೆಗೂದಲಿನಂತೆ ವಾಲಿರುತ್ತವೆ. ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತು ಕೆಂಪು ಹೂ ಬಿಡುವ ರೋಡೋಡೆಂಡ್ರನ್ ಮರದ ಸೊಟ್ಟ ಕಾಂಡವನ್ನು ಕಾಣದವರು ನೀಲಗಿರಿಯಲ್ಲಿ ಯಾರು?

ನೆತ್ತಿಯ ಮೇಲೆ ಚಳಿ ಹೆಚ್ಚು, ಮಣ್ಣು ತೆಳು. ಗಿಡ್ಡವಾಗಲು ಅವೂ ಕಾರಣವೆಂಬುದು ನಿಜ. ಆದರೆ ಗಾಳಿಯ ಅಲುಗಾಟವೊಂದೇ ಈ ಕೆಲಸವನ್ನು ಮಾಡಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಇಂಗ್ಲೆಂಡಿನ ತೋಟಗಾರಿಕೆಯ ಪಂಡಿತ ಥಾಮಸ್ ಆಂಡ್ರೂ ನೈಟ್ ಎಂಬವನು ಎಳೆಯ ಸೇಬಿನ ಮರಗಳಲ್ಲಿ ಕೆಲವನ್ನು ಅಲುಗದಂತೆ ಕಟ್ಟಿದನು, ಕೆಲವನ್ನು ಗಾಳಿಗೆ ತೂಗಲು ಬಿಟ್ಟನು. ತೂಗಾಡಿದ ಮರಗಳ ಕಾಂಡ ಹೆಚ್ಚು ದಪ್ಪವಾಯಿತೆಂದು 1803ರಲ್ಲಿ ಪ್ರಕಟಿಸಿದನು. 1973ರಲ್ಲಿ ಅಮೆರಿಕದ ಮಾರ್ಕ್ ಜಾಫೆ, ಗಿಡಗಳ ಕಾಂಡವನ್ನು ದಿನವೂ ಬೆರಳಿನಿಂದ ಮೃದುವಾಗಿ ಉಜ್ಜಿದರೂ ಇದೇ ಫಲ ದೊರೆಯುವುದೆಂದು ತೋರಿಸಿ, ಸ್ಪರ್ಶದಿಂದಾಗುವ ಈ ರೂಪಭೇದಕ್ಕೆ ಒಂದು ಪಾರಿಭಾಷಿಕ ಹೆಸರನ್ನೂ ಕೊಟ್ಟನು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಚಹಾದ ಗಿಡ ಸೊಂಟದೆತ್ತರದಲ್ಲಿ ಮಟ್ಟಸವಾಗಿ ನಿಂತಿರುವುದು ಈ ಕಾರಣದಿಂದಲ್ಲ. ಅದು ಕುಡಿ ಚಿವುಟಿದ ಫಲ. ಮುಟ್ಟಿದರೆ ಮುನಿ ಎಲೆ ಮಡಚುವುದೂ ಇದಲ್ಲ. ಅದು ಎಲೆಯ ಬುಡದ ಕೋಶಗಳಿಂದ ನೀರು ಸರಿದು ಆಗುವ ಕ್ಷಣಿಕ ಚಲನೆ. ನಾವು ವಿಚಾರಿಸುತ್ತಿರುವುದು ಬೆಳವಣಿಗೆಯೇ ಬದಲಾಗುವ ಸಂಗತಿಯನ್ನು.

ಬೆಳವಣಿಗೆ ಬದಲಾಗಬೇಕಾದರೆ ಕೋಶದೊಳಗಿನ ವಂಶವಾಹಿಗಳ, ಎಂದರೆ ಜೀನುಗಳ, ನಡವಳಿಕೆ ಬದಲಾಗಬೇಕು. ಇದು ಸಿಕ್ಕಿಬಿದ್ದ ಬಗೆ ಸ್ವಾರಸ್ಯವಾದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬ್ರಾಮ್ ಮತ್ತು ರೊನಾಲ್ಡ್ ಡೇವಿಸ್ ಎಂಬಿಬ್ಬರು ಸಾಸಿವೆಯ ಕುಲದ ಒಂದು ಪುಟ್ಟ ಗಿಡಕ್ಕೆ ಬೆಳವಣಿಗೆಯ ರಸವನ್ನು ಸಿಂಪಡಿಸಿ, ಯಾವ ಜೀನುಗಳು ಎಚ್ಚರಗೊಳ್ಳುತ್ತವೆಂದು ನೋಡುತ್ತಿದ್ದರು. ಕೆಲವು ಜೀನುಗಳು ಎಚ್ಚತ್ತವು. ಹೋಲಿಕೆಗಾಗಿ ಬರಿಯ ನೀರನ್ನು ಸಿಂಪಡಿಸಿದ ಗಿಡಗಳಲ್ಲಿಯೂ ಅವೇ ಜೀನುಗಳು ಎಚ್ಚತ್ತಿದ್ದವು! ಎಚ್ಚರಿಸಿದ್ದು ಔಷಧಿಯಲ್ಲ, ಹನಿಗಳ ತಾಡನ. ಬರಿಗೈಯಿಂದ ಮುಟ್ಟಿದರೂ ಅರ್ಧ ಗಂಟೆಯೊಳಗೆ ಅವುಗಳ ಚಟುವಟಿಕೆ ನೂರು ಪಟ್ಟಿನವರೆಗೆ ಏರುತ್ತಿತ್ತು. 1990ರಲ್ಲಿ ಈ ವರದಿ ಪ್ರಕಟವಾಯಿತು. ಅವುಗಳಲ್ಲೊಂದು ಕೋಶದ ಗೋಡೆಯ ಹೆಣಿಗೆಯನ್ನು ತಿದ್ದುವ ಕಿಣ್ವವನ್ನು ತಯಾರಿಸುವ ಜೀನೆಂದು ಆಮೇಲೆ ತಿಳಿಯಿತು. ಗಾಳಿ ಅಲುಗಿಸಿದ ಗಿಡ ತನ್ನ ಗೋಡೆಗಳನ್ನು ತಾನೇ ತಿದ್ದಿಕೊಳ್ಳುತ್ತದೆಂದಾಯಿತು.

ಜೀನು ಇರುವುದು ಬೇರೆ, ಓದಲ್ಪಡುವುದು ಬೇರೆ

ಮುಂದೆ ಹೋಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮನುಷ್ಯನ ದೇಹದಲ್ಲಿ ಮೂಳೆಯ ಕೋಶ, ನರದ ಕೋಶ, ಚರ್ಮದ ಕೋಶ ಎಂದು ನೂರಾರು ಬಗೆಯುಂಟು. ಇವೆಲ್ಲವುಗಳಲ್ಲಿಯೂ ಇರುವ ವಂಶಲಿಪಿ ಬಹುಮಟ್ಟಿಗೆ ಒಂದೇ. ಪ್ರೋಟೀನುಗಳ ವಿಧಾನವನ್ನು ಬರೆದಿಟ್ಟ ಜೀನುಗಳು ಸುಮಾರು 20,000. ಒಂದು ಶಾಲೆಯ ಪುಸ್ತಕಭಂಡಾರವನ್ನು ನೆನೆದುಕೊಳ್ಳೋಣ. ಎಲ್ಲ ತರಗತಿಗಳಿಗೂ ಭಂಡಾರ ಒಂದೇ. ಆದರೆ ಒಂದನೆಯ ತರಗತಿಯಲ್ಲಿ ತೆರೆಯುವ ಪುಸ್ತಕ ಬೇರೆ, ಹತ್ತನೆಯದರಲ್ಲಿ ತೆರೆಯುವುದು ಬೇರೆ. ಕಪಾಟಿನಲ್ಲಿ ಬೀಗ ಹಾಕಿಟ್ಟ ಪುಸ್ತಕ ಇದ್ದೂ ಇಲ್ಲದಂತೆ. ಹೀಗೆ ಜೀನು ತೆರೆದು ಓದಲ್ಪಟ್ಟು ಅದರಂತೆ ಪ್ರೋಟೀನು ತಯಾರಾಗುವುದಕ್ಕೆ ಜೀನಿನ ಅಭಿವ್ಯಕ್ತಿಯೆಂದು ಹೆಸರು. "ಹುಟ್ಟುಗುಣ"ವೆಂಬುದು ಭಂಡಾರ. ಯಾವ ಪುಸ್ತಕ ಯಾವಾಗ ತೆರೆಯಿತೆಂಬುದು ಬೆಳವಣಿಗೆಯ ಚರಿತ್ರೆ.

ಪುಸ್ತಕವನ್ನು ತೆರೆಸುವವರು ಯಾರು? ರಸಗಳು, ಆಹಾರ, ಅಕ್ಕಪಕ್ಕದ ಕೋಶಗಳ ಸಂದೇಶಗಳು ಎಂದು ಬಹುಕಾಲ ಹೇಳುತ್ತಿದ್ದರು. ಅದು ತಪ್ಪಲ್ಲ. ಅವುಗಳ ಜೊತೆಗೆ ಎಳೆತ, ಒತ್ತು, ಹರಿವಿನ ಉಜ್ಜು, ಕಾಲೂರಿದ ನೆಲದ ಗಡುಸು ಇವೂ ಪುಸ್ತಕ ತೆರೆಸಬಲ್ಲವೆಂಬುದು ಹೊಸ ತಿಳಿವಳಿಕೆ.

ಬಲ ಒಳಗೆ ಹೋಗುವ ದಾರಿ

ಕೋಶವೆಂದರೆ ನೀರು ತುಂಬಿದ ಚೀಲವೆಂದು ಪಾಠಪುಸ್ತಕದ ಚಿತ್ರಗಳು ಭ್ರಮೆ ಹುಟ್ಟಿಸುತ್ತವೆ. ವಾಸ್ತವದಲ್ಲಿ ಅದು ಹಗ್ಗ ಬಿಗಿದು ನಿಲ್ಲಿಸಿದ ಜಾತ್ರೆಯ ಡೇರೆಯಂತೆ. ಡೇರೆಗೆ ಗೂಟಗಳಿರುವಂತೆ ಕೋಶಕ್ಕೂ ನೆಲವನ್ನು ಕಚ್ಚಿ ಹಿಡಿಯುವ ಗೂಟಗಳುಂಟು. ಅವಕ್ಕೆ ಇಂಟೆಗ್ರಿನ್ ಎಂದು ಹೆಸರು. ಗೂಟದಿಂದ ಒಳಕ್ಕೆ ಆಕ್ಟಿನ್ ಎಂಬ ಎಳೆಗಳ ಹಗ್ಗ ಹೋಗುತ್ತದೆ. ಮಯೋಸಿನ್ ಎಂಬ ಪ್ರೋಟೀನು ಈ ಹಗ್ಗವನ್ನು ಸದಾ ಜಗ್ಗುತ್ತಿರುತ್ತದೆ. ಹಗ್ಗದ ಸೆಳೆತ ಕಡೆಗೆ ಕೋಶಕೇಂದ್ರದ ಗೋಡೆಯನ್ನು ಮುಟ್ಟುತ್ತದೆ. ಆ ಗೋಡೆಗೆ ಒಳಗಿನಿಂದ ಲ್ಯಾಮಿನ್ ಎಂಬ ಪ್ರೋಟೀನಿನ ಬಲೆಯ ಆಸರೆಯಿದೆ. ಅದರೊಳಗೆ, ಚಾಚಿದರೆ ಸುಮಾರು 2 ಮೀಟರು ಉದ್ದವಾಗುವ ಡಿಎನ್ಎ ಎಳೆ, ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಜಾಗದಲ್ಲಿ ಸುತ್ತಿ ಮಡಚಿ ಕುಳಿತಿದೆ. ಹೊರಗೆ ಗೂಟ ಅಲುಗಿದರೆ ಒಳಗೆ ಈ ಮಡಿಕೆಯೂ ಅಲುಗುತ್ತದೆ. ಬಿಚ್ಚಿದ ಮಡಿಕೆಯ ಜೀನು ಓದಲು ಸಿಕ್ಕುತ್ತದೆ. ಬಿಗಿದ ಮಡಿಕೆಯದು ಸಿಕ್ಕುವುದಿಲ್ಲ.

ಇದು ಒಂದು ದಾರಿ. ಎರಡನೆಯದು ಕೋಶದ ಹೊರಪೊರೆಯಲ್ಲಿರುವ ಬಾಗಿಲುಗಳದು. ಪೊರೆ ಎಳೆದು ಬಿಗಿಯಾದೊಡನೆ ತೆರೆದುಕೊಂಡು ಕ್ಯಾಲ್ಸಿಯಮನ್ನು ಒಳಗೆ ಬಿಡುವ ಇಂಥ ಬಾಗಿಲನ್ನು ಆರ್ಡೆಮ್ ಪಟಪೂಟಿಯನ್ ಮತ್ತು ಆತನ ಸಂಗಡಿಗರು 2010ರಲ್ಲಿ ಕಂಡುಹಿಡಿದು, ಒತ್ತುವುದೆಂಬರ್ಥದ ಗ್ರೀಕ್ ಶಬ್ದದಿಂದ ಪೀಯೆಜೋ ಎಂದು ಹೆಸರಿಟ್ಟರು. ನಮ್ಮ ಚರ್ಮಕ್ಕೆ ಮುಟ್ಟಿದ ಅರಿವಾಗುವುದೂ ಈ ಕುಟುಂಬದ ಬಾಗಿಲಿನಿಂದಲೇ. 2021ರ ವೈದ್ಯ ನೊಬೆಲ್ ಬಹುಮಾನವನ್ನು ಪಟಪೂಟಿಯನ್, ಬಿಸಿಯ ಅರಿವನ್ನು ಶೋಧಿಸಿದ ಡೇವಿಡ್ ಜೂಲಿಯಸ್ ಜೊತೆಗೆ ಹಂಚಿಕೊಂಡನು.

ಮೂರನೆಯ ದಾರಿ ಓಲೆಕಾರನದು. 2011ರಲ್ಲಿ ಇಟಲಿಯ ಪಾಡುವಾ ನಗರದ ವಿಜ್ಞಾನಿಗಳು ಯಾಪ್ ಮತ್ತು ಟಾಜ್ ಎಂಬ ಎರಡು ಪ್ರೋಟೀನುಗಳ ಈ ಕೆಲಸವನ್ನು ತೋರಿಸಿದರು. ಕೋಶ ಗಡುಸು ನೆಲದ ಮೇಲೆ ಚಾಚಿಕೊಂಡು ಹಗ್ಗ ಬಿಗಿಯಾದಾಗ ಇವು ಕೋಶಕೇಂದ್ರದೊಳಗೆ ಹೋಗಿ, ಬೆಳೆಯುವ ಮತ್ತು ಒಡೆದು ಎರಡಾಗುವ ಜೀನುಗಳನ್ನು ತೆರೆಸುತ್ತವೆ. ಮೆತ್ತನೆಯ ನೆಲದಲ್ಲಿ ಕೋಶ ಮುದುಡಿಕೊಂಡಾಗ ಇವು ಹೊರಗೇ ಉಳಿಯುತ್ತವೆ.

ಮೂರು ಪ್ರಯೋಗಗಳು

ಕೋತರ ಹೆಂಗಸರು ಮಾಡುವ ಮಡಕೆಗೆ ನೀಲಗಿರಿಯಲ್ಲಿ ಹೆಸರಿದೆ. ಮಣ್ಣಿನ ಮೇಲೆ ಕೈಯ ಒತ್ತು ಬಿದ್ದರೆ ಆಕಾರ ಬರುತ್ತದೆ. ಮಣ್ಣು ಮಾತ್ರ ತಾನಾಗಿ ಏನನ್ನೂ ಮಾಡದು. ಜೀವದ ಮಣ್ಣು ಹಾಗಲ್ಲ. ಒತ್ತಿದ ಕೈಗೆ ಅದು ಒಳಗಿನಿಂದ ಉತ್ತರ ಕೊಡುತ್ತದೆ. 2003ರಲ್ಲಿ ಪ್ಯಾರಿಸ್ಸಿನ ಇಮ್ಯಾನುಯೆಲ್ ಫಾರ್ಜ್ ಹಣ್ಣುನೊಣದ ಭ್ರೂಣವನ್ನು ಗಾಜಿನ ತುಣುಕಿನಿಂದ ಮೆಲ್ಲಗೆ ಒತ್ತಿದನು. ಸಾಧಾರಣವಾಗಿ ಭ್ರೂಣದ ಕೆಳಬದಿಯಲ್ಲಿ ಮಾತ್ರ ತೆರೆಯುವ ಟ್ವಿಸ್ಟ್ ಎಂಬ ಜೀನು, ಒತ್ತು ಬಿದ್ದಾಗ ಬೇರೆ ಕಡೆಗಳಲ್ಲಿಯೂ ತೆರೆದುಕೊಂಡಿತು. ಬೆಳೆಯುವ ಭ್ರೂಣದ ಅಂಗಗಳು ಮಡಿಚುವಾಗ ಪರಸ್ಪರ ಒತ್ತುವುದೂ ಒಂದು ಆಜ್ಞೆಯೇ ಎಂದು ಇದರಿಂದ ಗೊತ್ತಾಯಿತು.

2006ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಮೂಳೆಯ ಮಜ್ಜೆಯಿಂದ ತೆಗೆದ ಮೂಲಕೋಶಗಳನ್ನು ಬೇರೆ ಬೇರೆ ಗಡುಸಿನ ಲೋಳೆಯ ಮೇಲೆ ಬೆಳೆಸಿದರು. ಕೊಟ್ಟ ಆಹಾರ ಒಂದೇ. ಮಿದುಳಿನಷ್ಟು ಮೆತ್ತಗಿನ ಲೋಳೆಯ ಮೇಲಿನವು ನರಕೋಶದ ಲಕ್ಷಣಗಳನ್ನೂ, ಸ್ನಾಯುವಿನಷ್ಟು ಬಿಗಿಯಾದುದರ ಮೇಲಿನವು ಸ್ನಾಯುವಿನ ಲಕ್ಷಣಗಳನ್ನೂ, ಇನ್ನೂ ಗಡುಸಾದುದರ ಮೇಲಿನವು ಮೂಳೆಯ ಲಕ್ಷಣಗಳನ್ನೂ ತಳೆಯತೊಡಗಿದವು. ಮನೆಯ ನೆಲ ನೋಡಿ ಕಸುಬು ಆರಿಸಿಕೊಂಡಂತೆ!

ಮೂರನೆಯ ಕಥೆಗೆ ಬೆಂಗಳೂರಿನ ಸಂಬಂಧವಿದೆ. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜಿ. ವಿ. ಶಿವಶಂಕರ್ ಅವರು ಕೋಶಕೇಂದ್ರದ ಮೇಲೆ ಬಲದ ಪರಿಣಾಮವನ್ನು ಅಭ್ಯಸಿಸಿ, ಮುಂದೆ ಸಿಂಗಪುರದಲ್ಲಿಯೂ ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿಯೂ ಆ ಕೆಲಸವನ್ನು ಮುಂದುವರಿಸಿದರು. 2013ರಲ್ಲಿ ಅವರ ತಂಡದವರು ಅಂಟಿನ ಪುಟ್ಟ ಪುಟ್ಟ ದ್ವೀಪಗಳನ್ನು ಬೇರೆ ಬೇರೆ ಆಕಾರದಲ್ಲಿ ಮುದ್ರಿಸಿ ಒಂದೊಂದರ ಮೇಲೂ ಒಂದೊಂದು ಕೋಶವನ್ನು ಕೂರಿಸಿದರು. ಕೋಶದ ಆಕಾರ ಬದಲಾದಂತೆ ತೆರೆಯುವ ಜೀನುಗಳ ಗುಂಪೂ ಬದಲಾಯಿತು. 2018ರಲ್ಲಿ ಇನ್ನೂ ಅಚ್ಚರಿಯ ಫಲ ಕಂಡಿತು. ಬಲಿತ ಕೋಶಗಳನ್ನು ಇಕ್ಕಟ್ಟಾದ ಪಟ್ಟಿಯಲ್ಲಿ ಹಲವು ದಿನ ಬೆಳೆಯಲು ಬಿಟ್ಟಾಗ, ಹೊರಗಿನಿಂದ ಯಾವ ರಾಸಾಯನಿಕವನ್ನೂ ಕೊಡದೆಯೇ, ಅವುಗಳಲ್ಲಿ ಮೂಲಕೋಶದ ಎಳೆತನದ ಲಕ್ಷಣಗಳು ಮರಳಿ ಕಾಣಿಸಿದವು.

ನಮ್ಮ ಮೈಯೊಳಗೆ

ಪ್ರಯೋಗಶಾಲೆಯ ಮಾತಾಯಿತು, ಮನೆಯ ಮಾತಿಗೆ ಬರೋಣ. ತೋಡರ ಮಂದುಗಳ ಬಳಿ ತರುಣರು ಎತ್ತಿ ಬಲ ತೋರಿಸುವ ಗುಂಡುಕಲ್ಲನ್ನು ನೋಡಿದವರಿದ್ದಾರೆ. ಮೈಸೂರಿನ ಗರಡಿಗಳಲ್ಲಿಯೂ ಅಂಥವುಂಟು. ಭಾರ ಹೊತ್ತ ಮೂಳೆ ಬಲಿಯುತ್ತದೆ, ಭಾರ ತಪ್ಪಿದ ಮೂಳೆ ಸವೆಯುತ್ತದೆ ಎಂಬ ನಿಯಮವನ್ನು ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲಿಯೇ ಗ್ರಂಥರೂಪದಲ್ಲಿ ಹೇಳಿದ್ದನು. ಏಕೆ ಹಾಗಾಗುತ್ತದೆಂಬುದು ಈಗ ತಿಳಿದಿದೆ. ಮೂಳೆಯೊಳಗೆ ಹುದುಗಿರುವ ಕೋಶಗಳು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನನ್ನು ಹೊರಡಿಸಿ, ಮೂಳೆ ಕಟ್ಟುವ ಕೆಲಸಕ್ಕೆ ತಡೆ ಹಾಕುತ್ತಿರುತ್ತವೆ. ಮೂಳೆಗೆ ಭಾರ ಬಿದ್ದಾಗ ಆ ಪ್ರೋಟೀನಿನ ಜೀನು ಮುಚ್ಚಿಕೊಳ್ಳುತ್ತದೆ, ತಡೆ ಸಡಿಲುತ್ತದೆ, ಹೊಸ ಮೂಳೆ ಕಟ್ಟುತ್ತದೆ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಕರ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಪಾಲಿನಷ್ಟು ಸವೆಯುತ್ತದೆ.

ಅಂತರಿಕ್ಷ ನಮಗೆ ದೂರ. ಆದರೆ ಜಾರಿ ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಅಜ್ಜಿ ಪ್ರತಿಯೊಂದು ಹಟ್ಟಿಯಲ್ಲಿಯೂ ಇರುತ್ತಾಳೆ. "ಪಾಪ, ಏಳಿಸಬೇಡಿ, ಮಲಗಲಿ" ಎಂಬುದು ನಮ್ಮ ಪ್ರೀತಿಯ ಮಾತು. ವೈದ್ಯರು ಬೇಗ ಎಬ್ಬಿಸಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಬೇಕೆಂದಾಗ ಅದು ನಿರ್ದಯವೆಂದು ತೋರುವುದುಂಟು. ನಿಂತ ಅಜ್ಜಿಯ ಮೂಳೆಯಲ್ಲಿ ಒಂದು ಜೀನು ಮುಚ್ಚಿ ಕಟ್ಟಡದ ಕೆಲಸ ಮೊದಲಾಗುವುದೆಂದು ತಿಳಿದವರು ಅದನ್ನು ನಿರ್ದಯವೆನ್ನಲಾರರು. ಭಾರ ಅತಿಯಾದರೆ ಮೂಳೆಯೂ ಕೀಲೂ ನಾಶವಾಗುವುವೆಂಬುದೂ ಅಷ್ಟೇ ನಿಜ; ಬೆನ್ನು ಮುರಿಯುವಂತೆ ಸೌದೆ ಹೊರುವ ಹೆಂಗಸಿಗೆ ಈ ನಿಯಮವನ್ನು ತೋರಿಸಿ ಸಮಾಧಾನ ಹೇಳಲಾಗದು.

ರಕ್ತನಾಳದ ಒಳಗೋಡೆಯ ಕೋಶಗಳೂ ಹರಿವನ್ನು ಬಲ್ಲವು. ರಕ್ತ ನೇರವಾಗಿ, ಸಮವಾಗಿ ಹರಿಯುವ ಕಡೆ ನಾಳವನ್ನು ಕಾಪಾಡುವ ಜೀನುಗಳು ತೆರೆದಿರುತ್ತವೆ. ನಾಳ ಕವಲೊಡೆಯುವಲ್ಲಿ ಹರಿವು ಸುಳಿಗೊಳ್ಳುತ್ತದೆ. ಅಲ್ಲಿ ಉರಿಯೂತದ ಜೀನುಗಳು ತೆರೆಯುತ್ತವೆ. ಕೊಬ್ಬು ಕಟ್ಟಿ ನಾಳ ಕಿರಿದಾಗುವುದು ಹೆಚ್ಚಾಗಿ ಇಂಥ ಕವಲುಗಳಲ್ಲಿಯೇ. ಸ್ತನದ ಗಂತಿಯ ವಿಷಯವೂ ಹೀಗೆಯೇ. ಕೈಗೆ ಗಡುಸಾಗಿ ಸಿಕ್ಕುವುದು ರೋಗದ ಗುರುತು ಮಾತ್ರವೆಂದು ಮೊದಲು ತಿಳಿದಿದ್ದರು. ಸುತ್ತಲಿನ ಊತಕ ಗಡುಸಾಗುವುದೇ ಕೋಶಗಳನ್ನು ಕೆಟ್ಟ ದಾರಿಗೆ ಇನ್ನಷ್ಟು ದೂಡಬಲ್ಲದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಗಂತಿ ಕಂಡರೆ ನಾಚಿಕೆಯಿಂದ ಮರೆಮಾಚದೆ ಕೂಡಲೇ ವೈದ್ಯರಿಗೆ ತೋರಿಸಬೇಕೆಂಬ ಮಾತಿಗೆ ಇದರಿಂದ ಇನ್ನಷ್ಟು ಬಲ ಬಂದಿದೆ.

ಕೋಶಕೇಂದ್ರದ ಗೋಡೆಯೇ ದುರ್ಬಲವಾದರೆ ಏನಾಗುವುದೆಂಬುದಕ್ಕೂ ಉದಾಹರಣೆಯುಂಟು. ಮಕ್ಕಳು ಹತ್ತನೆಯ ವಯಸ್ಸಿಗೇ ಮುದುಕರಂತಾಗುವ ಪ್ರೊಜೀರಿಯ ಎಂಬ ಅಪರೂಪದ ರೋಗವನ್ನು 2009ರ "ಪಾ" ಎಂಬ ಹಿಂದಿ ಚಲನಚಿತ್ರದಲ್ಲಿ ಅನೇಕರು ನೋಡಿರಬಹುದು. ಅದರ ಮೂಲ ಲ್ಯಾಮಿನ್ ಜೀನಿನ ದೋಷವೆಂದು 2003ರಲ್ಲಿ ಗೊತ್ತಾಯಿತು.

ನೀಲಗಿರಿಯ ರಕ್ತದ ಸಾಕ್ಷ್ಯ

ಬಲ ಜೀನನ್ನು ಮುಟ್ಟುವಂತೆ ಜೀನೂ ಕೋಶದ ಬಲಾಬಲವನ್ನು ಬದಲಿಸಬಲ್ಲದು. ಇದಕ್ಕೆ ಸಾಕ್ಷ್ಯ ನಮ್ಮ ಬೆಟ್ಟದಲ್ಲಿಯೇ ಇದೆ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಗಿರಿಜನರ ರಕ್ತವನ್ನು ಪರೀಕ್ಷಿಸಿ ಅದರಲ್ಲಿ ಕುಡುಗೋಲು ಕಣದ ಲಕ್ಷಣವನ್ನು ಕಂಡರು. ದಕ್ಷಿಣ ಭಾರತದಲ್ಲಿ ಈ ಲಕ್ಷಣದ ಮೊದಲ ವರದಿಗಳಲ್ಲಿ ಇದೊಂದು. ಹೀಮೋಗ್ಲೋಬಿನ್ನಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತದೆ. ಪ್ರಾಣವಾಯು ಕಡಮೆಯಾದಾಗ ಆ ತಪ್ಪು ಹೀಮೋಗ್ಲೋಬಿನ್ ಸರಳುಗಳಾಗಿ ಗಟ್ಟಿಕಟ್ಟಿ, ಮೆತ್ತಗಿದ್ದ ರಕ್ತಕಣ ಗಡುಸಾಗಿ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾಗದ ನೋವನ್ನುಂಟುಮಾಡುತ್ತದೆ. ಬಲಿತ ಕೆಂಪುಕಣಕ್ಕೆ ಕೋಶಕೇಂದ್ರವಿಲ್ಲ. ಆದುದರಿಂದ ಬಲಕ್ಕೆ ಉತ್ತರವಾಗಿ ಅದು ಜೀನನ್ನು ತೆರೆಯಲಾರದು. ಆದರೆ ಗಡುಸಾದ ಕಣಗಳು ಉಜ್ಜಿಕೊಂಡು ಹೋಗುವ ನಾಳದ ಗೋಡೆಯ ಕೋಶಗಳು ಸುಮ್ಮನಿರುವುದಿಲ್ಲ. ಅವು ಉರಿಯೂತದ ಜೀನುಗಳನ್ನು ತೆರೆಯುವುದು ಪ್ರಯೋಗಶಾಲೆಯ ಕೃತಕ ನಾಳಗಳಲ್ಲಿ ಕಂಡುಬಂದಿದೆ. ಜೀನಿನಿಂದ ಗಡುಸು, ಗಡುಸಿನಿಂದ ಮತ್ತೆ ಜೀನು ಎಂದು ಚಕ್ರ ಪೂರ್ಣವಾಗುತ್ತದೆ.

ಕೋತಗಿರಿಯಲ್ಲಿರುವ ನೀಲಗಿರಿ ಆದಿವಾಸಿ ಕ್ಷೇಮಾಭಿವೃದ್ಧಿ ಸಂಘವೂ ಗೂಡಲೂರಿನ ಆದಿವಾಸಿ ಆಸ್ಪತ್ರೆಯೂ ಈ ರೋಗವನ್ನು ಪತ್ತೆ ಹಚ್ಚಿ ಆರೈಕೆ ಮಾಡುವ ಕೆಲಸದಲ್ಲಿ ತೊಡಗಿವೆ. 2023ರಲ್ಲಿ ಭಾರತ ಸರಕಾರವು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ತಂದೆತಾಯಿಗಳಿಬ್ಬರೂ ಈ ಜೀನಿನ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಚಳಿಗೂ ನೀರಿನ ಕೊರತೆಗೂ ಈ ನೋವು ಕೆರಳುತ್ತದೆ. ತರಗತಿಯಲ್ಲಿ ಮೇಲಿಂದ ಮೇಲೆ ಕೈಕಾಲು ನೋವೆಂದು ಗೈರುಹಾಜರಾಗುವ ಗಿರಿಜನರ ಮಗುವನ್ನು ಸೋಮಾರಿಯೆಂದು ಗದರಿಸುವ ಮೊದಲು ನಾವು ಇದನ್ನು ನೆನೆಯಬೇಕು. ಆ ಮಗುವಿಗೆ ಬೇಕಾದದ್ದು ಬೆತ್ತವಲ್ಲ. ಒಂದು ರಕ್ತಪರೀಕ್ಷೆ, ಕುಡಿಯಲು ಧಾರಾಳ ನೀರು, ಬೆಚ್ಚಗಿನ ಬಟ್ಟೆ.

ತರಗತಿಗೆ ಒಂದು ಪ್ರಯೋಗ

ಇಷ್ಟನ್ನೆಲ್ಲ ಹೇಳಿ ಕೇಳಿಸುವುದಕ್ಕಿಂತ ಮಕ್ಕಳ ಕೈಯಲ್ಲಿ ಮಾಡಿಸುವುದು ಮೇಲು. ಖರ್ಚಿಲ್ಲದ ಒಂದು ಪ್ರಯೋಗ ಇಲ್ಲಿದೆ. ಒಂದೇ ಬಗೆಯ ಬೀನ್ಸ್ ಬೀಜಗಳನ್ನು ಇಪ್ಪತ್ತು ಕುಂಡಗಳಲ್ಲಿ, ಒಂದೇ ಮಣ್ಣಿನಲ್ಲಿ ಬಿತ್ತಿಸಬೇಕು. ಎಲ್ಲವನ್ನೂ ಒಂದೇ ಕಿಟಕಿಯ ಬಳಿ, ಗಾಳಿ ಬೀಸದ ಕಡೆ ಇಡಬೇಕು, ಸಮನಾಗಿ ನೀರೆರೆಯಬೇಕು. ಸಸಿ ಒಂದು ಗೇಣು ಎತ್ತರವಾಗುವ ಹೊತ್ತಿಗೆ ಹತ್ತನ್ನು ಮುಟ್ಟದೆ ಬಿಟ್ಟು, ಉಳಿದ ಹತ್ತರ ಕಾಂಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಮೆಲ್ಲಗೆ ಉಜ್ಜಬೇಕು. ಎರಡು ವಾರ ದಿನವೂ ಎತ್ತರವನ್ನು ಅಳೆದು ಪಟ್ಟಿ ಬರೆಸಬೇಕು. ಮುಟ್ಟಿದ ಸಸಿಗಳು ಗಿಡ್ಡವಾಗಿಯೂ ಗಟ್ಟಿಯಾಗಿಯೂ ಬೆಳೆಯುವುದನ್ನು ಮಕ್ಕಳು ಕಣ್ಣಾರೆ ಕಾಣುವರು. ಒಂದು ಸಸಿಯನ್ನು ನೋಡಿ ತೀರ್ಮಾನಿಸದೆ ಹತ್ತರ ಸರಾಸರಿ ತೆಗೆಯಬೇಕೆಂಬುದನ್ನೂ ಕಲಿಯುವರು. ಬಿರುಸಾಗಿ ಉಜ್ಜಿದ ಸಸಿ ಗಾಯಗೊಂಡು ಬಾಡುವುದನ್ನೂ ಯಾರಾದರೊಬ್ಬ ತುಂಟ ತೋರಿಸಿಯೇ ತೋರಿಸುವನು, ಅದೂ ಪಾಠವೇ.

ಕೊನೆಯ ಮಾತು

ಈಗ ನಮ್ಮ ಎರಡು ಗಾದೆಗಳಿಗೆ ಹಿಂದಿರುಗೋಣ. ಹುಟ್ಟುಗುಣ ಹೋಗದೆಂಬುದು ನಿಜ. ಭಂಡಾರದ ಪುಸ್ತಕಗಳನ್ನು ಗಾಳಿಯೂ ಭಾರವೂ ಬದಲಿಸಲಾರವು. ಗಿಡವಾಗಿ ಬಗ್ಗಬೇಕೆಂಬುದೂ ನಿಜ. ಯಾವ ಪುಸ್ತಕ ತೆರೆಯಬೇಕೆಂಬುದರಲ್ಲಿ ಗಾಳಿಗೂ ಭಾರಕ್ಕೂ ಮಾತುಂಟು. ನೆತ್ತಿಯ ಮರದ ಬೀಜವನ್ನು ತಂದು ಕಣಿವೆಯ ಮಡಿಲಲ್ಲಿ ಬಿತ್ತಿದರೆ ಗಾಳಿಯ ಆ ಬಾಗು ಅದರಲ್ಲಿ ಕಾಣದು.

ಇದನ್ನು ಬೆತ್ತಕ್ಕೆ ಸಮರ್ಥನೆಯೆಂದು ಯಾರೂ ಭಾವಿಸಬಾರದು. ಜೀವಕೋಶ ಉತ್ತರ ಕೊಡುವುದು ಹಿತಮಿತವಾದ ಬಲಕ್ಕೆ, ದಿನದಿನದ ಬಲಕ್ಕೆ. ಒಮ್ಮೆಗೇ ಎರಗಿದ ಬಲಕ್ಕೆ ಅದು ಮುರಿಯುತ್ತದೆ. ಮಗುವಿನ ಮನಸ್ಸು ಬೀನ್ಸಿನ ಸಸಿಯಲ್ಲವೆಂಬುದನ್ನು ಬಲ್ಲೆವು. ಆದರೂ ದಿನವೂ ಮೆಲ್ಲಗೆ ಮುಟ್ಟಿ ಮಾತನಾಡಿಸಿದ ಸಸಿ ಗಟ್ಟಿಯಾಗುವುದನ್ನು ಒಮ್ಮೆ ಅಳೆದು ನೋಡಿದ ಉಪಾಧ್ಯಾಯನು, ಹಿಂದಿನ ಬೆಂಚಿನ ಹುಡುಗನನ್ನು ಕುರಿತು "ಅವನ ಹಣೆಬರಹ ಅಷ್ಟೇ" ಎಂದು ಕೈ ಝಾಡಿಸುವ ಮುನ್ನ ಒಂದು ಗಳಿಗೆ ತಡೆದಾನು. ಅಷ್ಟಾದರೆ ಈ ಲೇಖನದ ಶ್ರಮ ಸಾರ್ಥಕ.